ಆಯಿ ಮತ್ತು ಆಯಾ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ತಾಯಿಗೆ ‘ಆಯಿ’ ಎನ್ನುತ್ತಾರೆ. ತಾಯಿಯ ಕೆಲಸವನ್ನು ಸಂಬಳಕ್ಕೆ ಮಾಡುವವಳು ‘ಆಯಾ’. ಕೇಳಲು ಅಕ್ಕತಂಗಿಯರಂತಿದ್ದರೂ ಇವೆರಡಕ್ಕೆ ನೆಂಟಸ್ತಿಕೆಯಿಲ್ಲ. ಆಯಿ ಮರಾಠಿಗೂ ನಮಗೂ ಸಮಾನವಾದ ಮಾತು. ಆಯಾ ಪೋರ್ಚುಗೀಸರು ಬಿಟ್ಟುಹೋದದ್ದು. ಅವರಲ್ಲಿ ‘ಆಯಾ’ ಎಂದರೆ ಸಿರಿವಂತರ ಮಕ್ಕಳನ್ನು ತಿದ್ದಿ ಬೆಳೆಸುವ ಗೌರವದ ಹೆಂಗಸು. ಇದರ ಬೇರು ಲ್ಯಾಟಿನ್ನಿನಲ್ಲಿ ಅಜ್ಜಿಯನ್ನು ಕರೆಯುವ ಪದದಲ್ಲಿದೆ ಎನ್ನುತ್ತವೆ ನಿಘಂಟುಗಳು. 

ಭಾರತಕ್ಕೆ ಬಂದಮೇಲೆ ಈ ಅಜ್ಜಿ ಇಳಿಮುಖವಾದಳು. ಬ್ರಿಟಿಷ್ ಸಾಹೇಬರ ಬಂಗಲೆಗಳಲ್ಲಿ ಕೂಸು ಎತ್ತಿಕೊಂಡಳು, ಅವರೊಂದಿಗೆ ಹಡಗು ಹತ್ತಿದಳು. ಲಂಡನ್ನಿಗೆ ತಲುಪಿದ ಮೇಲೆ ಕೆಲವರನ್ನು ವಾಪಸು ಕಳಿಸುವ ಗೋಜಿಗೇ ಒಡೆಯರು ಹೋಗಲಿಲ್ಲ. ಹಾಗೆ ನಡುನೀರಿನಲ್ಲಿ ಉಳಿದವರಿಗಾಗಿಯೇ ಅಲ್ಲೊಂದು ಆಯಾಗಳ ವಸತಿಗೃಹವಿತ್ತು. 1900ರಲ್ಲಿ ಅದು ಹ್ಯಾಕ್ನಿ ಬಡಾವಣೆಗೆ ಬಂತು. ಆ ಮನೆಯ ಗೋಡೆಗೆ ನೆನಪಿನ ನೀಲಿ ಫಲಕ ಬಿದ್ದದ್ದು 2022ರಲ್ಲಿ.

‘ದಾದಿ’ಯ ನಸೀಬು ಬೇರೆ. ಸಂಸ್ಕೃತದ ‘ಧಾತ್ರಿ’ಯ ತದ್ಭವ ಅದು; ಅವಳೂ ಮೊದಲು ಮೊಲೆಯೂಡಿಸಿ ಸಾಕಿದವಳೇ. ಆಮೇಲೆ ಆಸ್ಪತ್ರೆಗೆ ಹೋದಳು, ಬಿಳಿ ಉಡುಪು ತೊಟ್ಟಳು, ಮೇ 12ರಂದು ದಾದಿಯರ ದಿನವನ್ನೂ ಸಂಪಾದಿಸಿದಳು. ಅದೇ ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ಎತ್ತುವ ಆಯಾಳಿಗೆ ದಿನಾಚರಣೆ ಇಲ್ಲ. ಶಾಲೆಯಲ್ಲೂ ಅಷ್ಟೆ. ಪಾಠ ಹೇಳುವವರು ನಮ್ಮ ಕಡೆ ‘ಅಕ್ಕೋರು’. ಒದ್ದೆ ಚಡ್ಡಿ ಬದಲಿಸುವವಳು ಆಯಾ. ಮಕ್ಕಳು ಮಾತ್ರ ‘ಆಯಮ್ಮ’ ಎಂದು ಕರೆದು ಕಳೆದುಹೋದ ಮರ್ಯಾದೆಯನ್ನು ಅಷ್ಟಿಷ್ಟು ತುಂಬಿಕೊಡುತ್ತವೆ.

ಘಟ್ಟದ ಮೇಲಿನ ಅಡಿಕೆ ತೋಟದ ಮನೆಗಳಲ್ಲಂತೂ ಆಯಾ ಎಂಬ ಪದಕ್ಕೂ ಜಾಗವಿರಲಿಲ್ಲ. ಕೊಟ್ಟಿಗೆ, ಅಂಗಳ, ಪಾತ್ರೆಗಳ ನಡುವೆ ಮಗುವನ್ನೂ ಆಡಿಸುವವಳು ಬರೀ ‘ಕೆಲಸದ ಹುಡುಗಿ’. ಬಡ ಮನೆಯ ಹುಡುಗಿಯನ್ನು ‘ಮಗು ಆಡಿಸೂಕೆ’ ಎಂದು ಕರೆತಂದರೆ ಊಟ, ವರ್ಷಕ್ಕೆರಡು ಲಂಗವೇ ಸಂಬಳ. ಆಡಿಸುವವಳಿಗೇ ಇನ್ನೂ ಆಡುವ ವಯಸ್ಸು. ಯಲ್ಲಾಪುರದ ಕಾಡಂಚಿನ ಸಿದ್ದಿಗಳೂ ಈ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದವರು. ಅವರ ಹಿರಿಯರನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರು ಇದೇ ಪೋರ್ಚುಗೀಸರು. ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. ಪದ ತಂದವರೇ ಜನರನ್ನೂ ತಂದರು. ಪದ ಬಂಗಲೆಗೆ ಹೋಯಿತು, ಜನ ಕಾಡಿಗೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ.

ಅಂಥ ಆಡುವ ವಯಸ್ಸಿನವರನ್ನು, ಹದಿನಾಲ್ಕರ ಒಳಗಿನವರನ್ನು, ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ಅಪರಾಧ. ಅದಕ್ಕೂ ಮುಂಚೆ, 2004ರಲ್ಲೇ, ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತ್ತು. ‘ಮನೆಯವಳ ಹಾಗೇ ಇದ್ದಾಳೆ’ ಎಂಬ ಹೊಗಳಿಕೆ ಈ ಕಾನೂನುಗಳನ್ನು ಎಷ್ಟು ಸಲೀಸಾಗಿ ಬದಿಗೆ ಸರಿಸಿಬಿಡುತ್ತದೆ! ಮನೆಯವಳಿಗೆ ರಜೆ ಎಲ್ಲಿ, ಸಂಬಳ ಎಲ್ಲಿ?

ಈಗ ಆ ತೋಟದ ಮನೆಗಳ ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಗಂಡಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಮನೆಯಿಂದ ಊರಿಗೆ ಫೋನು ಬರುತ್ತದೆ: ‘ಮಗು ನೋಡಿಕೊಳ್ಳಲು ಊರ ಬದಿಯವರು ಯಾರಾದರೂ ಸಿಗುತ್ತಾರಾ?’ ಅಪಾರ್ಟ್‌ಮೆಂಟಿನಲ್ಲಿ ಅವಳ ಹೆಸರು ‘ನ್ಯಾನಿ’. ಪದ ಬದಲಾಯಿತು, ಮಲಗುವ ಜಾಗ ಅಡುಗೆಮನೆಯ ಪಕ್ಕವೇ ಉಳಿಯಿತು. ನೀವೂ ಹೀಗೆ ಯಾರನ್ನಾದರೂ ಕೇಳುವವರಿದ್ದರೆ, ಊರ ಬದಿಯವಳೋ ಅಲ್ಲವೋ ಎನ್ನುವ ಮೊದಲು ತಿಂಗಳ ಸಂಬಳ ಎಷ್ಟು, ವಾರದ ರಜೆ ಯಾವತ್ತು ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಿ.