ಇಳಿಸಿದಲ್ಲೇ ಕುಡಿಯುವುದು

ಇಂದಿರಾನಗರದ 100 ಅಡಿ ರಸ್ತೆಯ ‘ಟಾಯ್ಟ್’ ಪಬ್ಬಿನಲ್ಲಿ ಶನಿವಾರ ಸಂಜೆ ಜಾಗ ಬೇಕೆಂದರೆ ಬಾಗಿಲಲ್ಲಿ ಕಾಯಲೇಬೇಕು. ಕೂತ ಮೇಲೆ ಮೊದಲು ಬರುವುದು ಸಣ್ಣ ಲೋಟಗಳನ್ನು ಸಾಲಾಗಿ ಇಟ್ಟ ಹಲಗೆ. ಗೋಧಿಯ ವೈಸ್, ಬಾಸ್ಮತಿ ಅಕ್ಕಿ ಬೆರೆಸಿದ ಬ್ಲಾಂಡ್, ಕೆಂಪು ಏಲ್, ಕಾಫಿ ಡಿಕಾಕ್ಷನ್ನಿನ ಬಣ್ಣದ ಸ್ಟೌಟ್. ಒಂದೊಂದರಲ್ಲೂ ಎರಡು ಗುಟುಕು ಕುಡಿದು, ಇಷ್ಟವಾದದ್ದನ್ನು ದೊಡ್ಡ ಗ್ಲಾಸಿನಲ್ಲಿ ತರಿಸಿಕೊಳ್ಳಬಹುದು. ಬಿಯರು ಹುದುಗಿದ್ದು ಅದೇ ಕಟ್ಟಡದ ಸ್ಟೀಲಿನ ಹಂಡೆಗಳಲ್ಲಿ. ಬಾಟಲಿಗೆ ತುಂಬಿ ಊರೂರಿಗೆ ಕಳಿಸುವ ತಾಪತ್ರಯವಿಲ್ಲ. ಬೆಂಗಳೂರಿಗರು ಇದನ್ನು ತಮ್ಮ ಕಾಲದ ಹೊಸ ಶೋಕಿ ಎಂದೇ ತಿಳಿದಿದ್ದಾರೆ.

ಆದರೆ ಇಳಿಸಿದ ಊರಲ್ಲೇ, ಇಳಿಸಿದ ದಿನವೇ ಕುಡಿಯುವ ಪದ್ಧತಿ ಹಾಸನ ಜಿಲ್ಲೆಯ ಹಳೇಬೀಡು, ಹುಲಿಕೆರೆ, ಅರಸೀಕೆರೆಯ ಸೀಮೆಗೆ ಹೊಸದಲ್ಲ. ಹುಲಿಕೆರೆ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಹೊಯ್ಸಳರ ಕಾಲದ ಕಲ್ಯಾಣಿ, ಅದರ ಮೆಟ್ಟಿಲುಗಳ ನಡುವಿನ ಪುಟ್ಟ ಪುಟ್ಟ ಗುಡಿಗಳು. ಕಲ್ಯಾಣಿಯ ಚರಿತ್ರೆ ಬರೆದವರು ಉಂಟು, ಹೆಂಡ ಮಾರುವ ಪಡಖಾನೆಯ ಚರಿತ್ರೆ ಬರೆದವರು ಕಡಿಮೆ. ಹೊಯ್ಸಳರು ಚಾಲುಕ್ಯರ ಸಾಮಂತರೆನಿಸಿಕೊಂಡಿದ್ದ 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮದ್ಯಪಾನಕ್ಕೂ ಅರಸರ ವಿನೋದಗಳ ನಡುವೆ ಒಂದು ಸ್ಥಾನವಿದೆ. ಅದು ಅರಮನೆಯ ಮಾತು. ಒಕ್ಕಲುಮಕ್ಕಳ ಪಾಲಿಗೆ ಇದ್ದದ್ದು ಈಚಲ ಮರ.

ಹಳೆ ಮೈಸೂರಿನ ಬಯಲಲ್ಲಿ ಹೆಂಡವೆಂದರೆ ಹೆಚ್ಚಾಗಿ ಈಚಲ ಹೆಂಡವೇ. ತೆಂಗಿನ ಮರ ಕೊಬ್ಬರಿಗೆ ಮೀಸಲು. ಈಡಿಗರು ಈಚಲ ಮರದ ತಲೆಯ ಬಳಿ ಕೆತ್ತಿ ಮಡಕೆ ಕಟ್ಟುತ್ತಿದ್ದರು. ಇಳಿಯುವಾಗ ಸಿಹಿಯಾಗಿರುವ ಈ ರಸಕ್ಕೆ ಗಾಳಿಯಲ್ಲೂ ಹಳೆಯ ಮಡಕೆಯಲ್ಲೂ ಇರುವ ಯೀಸ್ಟು ತಾನಾಗಿ ಸೇರುತ್ತದೆ. ಬಿಸಿಲೇರುವ ಹೊತ್ತಿಗೆ ನೊರೆಯೇಳುತ್ತದೆ. ಸಂಜೆಗೆ ಬಿಯರಿನಷ್ಟೇ ಅಮಲು ಬಂದಿರುತ್ತದೆ, ಒಂದೆರಡು ದಿನ ಬಿಟ್ಟರೆ ಹುಳಿಯಾಗಿ ವಿನೆಗರ್ ಆಗುತ್ತದೆ. ದೂರ ಸಾಗಿಸಲು ಬಾರದ ಸರಕು, ಹಾಗಾಗಿ ಅಂಗಡಿ ಬನದ ಹತ್ತಿರವೇ ಇರಬೇಕಿತ್ತು. ಸರ್ಕಾರಕ್ಕೆ ಇದರಿಂದ ಬರುತ್ತಿದ್ದ ಆದಾಯವೂ ಸಣ್ಣದಲ್ಲ: ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಸೇಂದಿವನ, ಈಚಲುವನ ಎಂಬ ಹೆಸರುಗಳು ಇವತ್ತಿಗೂ ಕಂದಾಯ ದಾಖಲೆಗಳಲ್ಲಿ ಉಳಿದಿವೆ. ಎಷ್ಟೋ ಕಡೆ ಆ ಜಾಗದಲ್ಲಿ ಹುಡುಕಿದರೂ ಒಂದು ಈಚಲ ಮರ ಸಿಗುವುದಿಲ್ಲ.

ಬಿಯರು ಬಂದದ್ದು ಬೇರೆ ದಾರಿಯಲ್ಲಿ, ಸಿಪಾಯಿಗಳ ಬೆನ್ನಿಗೆ. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ನೆಲೆಯಾಯಿತು. ಇಂಗ್ಲೆಂಡಿನಿಂದ ಪೀಪಾಯಿಗಳಲ್ಲಿ ಬರುತ್ತಿದ್ದ ಬಿಯರು ದುಬಾರಿ, ದಾರಿಯಲ್ಲಿ ಕೆಡುವ ಭಯ ಬೇರೆ. ತಂಪು ಹವೆಯ ನೀಲಗಿರಿಯಲ್ಲೂ ಬೆಂಗಳೂರಿನಲ್ಲೂ ಸಣ್ಣ ಬ್ರೂವರಿಗಳು ಹುಟ್ಟಿಕೊಂಡದ್ದು ಇದೇ ಕಾರಣಕ್ಕೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ಇಂಥ ಐದನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿ ಕಟ್ಟಿದ. ಅವುಗಳಲ್ಲಿ ಅತಿ ಹಳೆಯದು 1857ರ ಕ್ಯಾಸಲ್ ಬ್ರೂವರಿ. ದೊಡ್ಡ ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗೆ ಹೇರಿ ದಕ್ಷಿಣದ ಸೇನಾನೆಲೆಗಳಿಗೆ ಕಳಿಸುತ್ತಿದ್ದರು. ಗಾಡಿಯಲ್ಲಿ ಕುಲುಕಿ ಬಿಸಿಲಲ್ಲಿ ಕಾದ ಆ ಬಿಯರಿನ ರುಚಿ ಹೇಗಿತ್ತೆಂದು ಊಹಿಸದಿರುವುದೇ ಮೇಲು.

1947ರಲ್ಲಿ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದ ಕರಾವಳಿ ಮೂಲದ ವಿಠಲ ಮಲ್ಯ ಮುಂದೆ ಅದರ ಒಡೆಯರಾದರು. ಬೆಂಗಳೂರಿನಲ್ಲಿ ಬ್ರೂವರಿ ಇದ್ದ ಗ್ರಾಂಟ್ ರಸ್ತೆಗೆ ಈಗ ಅವರ ಹೆಸರು. ಬ್ರೂವರಿಯ ಜಾಗದಲ್ಲಿ ಯುಬಿ ಸಿಟಿ ಎದ್ದಿದೆ. ಕಂಪನಿಯ ಕಿಂಗ್‌ಫಿಷರ್ 1978ರಲ್ಲಿ ಹೊಸ ರೂಪದಲ್ಲಿ ಬಂದು ದೇಶದ ತುಂಬ ಒಂದೇ ರುಚಿಯ ತಿಳಿ ಲಾಗರ್ ಹರಡಿತು. ಎಲ್ಲಿ ಮುಚ್ಚಳ ತೆಗೆದರೂ ಅದೇ ರುಚಿ ಸಿಗಬೇಕು ಎಂಬುದು ಬಾಟಲಿಯ ವ್ಯಾಪಾರ. ಸೋಸಿ, ಬಿಸಿಯೇರಿಸಿ, ಯೀಸ್ಟನ್ನು ಕೊಂದು ಮುಚ್ಚಿದ ಬಿಯರು ತಿಂಗಳುಗಟ್ಟಲೆ ಕೆಡುವುದಿಲ್ಲ. 1980ರ ದಶಕದ ಕೊನೆಗೆ ಬೆಂಗಳೂರಿನ ಪಬ್ಬುಗಳು ನಲ್ಲಿ ಬಿಯರಿನ ರುಚಿ ಹತ್ತಿಸಿದವು, ಆದರೆ ನಲ್ಲಿಯ ಹಿಂದಿದ್ದದ್ದು ಅದೇ ದೊಡ್ಡ ಕಾರ್ಖಾನೆ.

ಅತ್ತ ಹಳ್ಳಿಯಲ್ಲಿ ಹೆಂಡದ ಜಾಗಕ್ಕೆ ಸಾರಾಯಿ ನುಗ್ಗಿತ್ತು. ಸಾಗಿಸಲು ಸುಲಭ, ಅಮಲು ಜಾಸ್ತಿ, ಕಂಟ್ರಾಕ್ಟುದಾರನಿಗೆ ಲಾಭವೂ ಜಾಸ್ತಿ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಪ್ಯಾಕೆಟ್ ಸಾರಾಯಿ ಎಷ್ಟೋ ಮನೆಗಳನ್ನು ಹಾಳುಮಾಡಿತು, ಹೆಂಗಸರು ಅಂಗಡಿಗಳ ಮುಂದೆ ಕೂತು ಪ್ರತಿಭಟಿಸಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದನ್ನು ತಪ್ಪೆನ್ನಲು ಬರುವುದಿಲ್ಲ. ಆದರೆ ಅದಕ್ಕೆ ಮೊದಲೇ, ಕಲಬೆರಕೆಯ ದೂರಿನ ನಡುವೆ, ಹಳೆ ಮೈಸೂರಿನ ಹೆಂಡದಂಗಡಿಗಳೂ ಬಾಗಿಲು ಹಾಕಿದ್ದವು. ಕರಾವಳಿಯಲ್ಲಿ ಮಾತ್ರ ಶೇಂದಿ ಉಳಿಯಿತು. ಕಡಿಮೆ ಅಮಲಿನ, ಊರಿನದೇ ಆದ ಪಾನೀಯ ಹೋಗಿ, ಬಯಲುಸೀಮೆಯ ಕುಡಿಯುವವನಿಗೆ ಉಳಿದದ್ದು ವೈನ್‌ಶಾಪಿನ ವಿಸ್ಕಿ, ರಮ್ಮು. ಅದರ ಮಾರಾಟಕ್ಕೆ ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಮಳಿಗೆ ತೆರೆದಿದೆ.

ಇದಾಗಿ ಕೆಲವೇ ವರ್ಷಗಳಲ್ಲಿ ರಾಜಧಾನಿಯಲ್ಲಿ ಮೈಕ್ರೋಬ್ರೂವರಿಗೆ ಪರವಾನಗಿ ಸಿಕ್ಕಿತು. ಪುಣೆಯಲ್ಲಿ 2009ರಲ್ಲಿ ‘ಡೂಲಾಲಿ’ ಶುರುವಾಗಿತ್ತು. 2011ರಲ್ಲಿ ಬೆಂಗಳೂರಿನ ‘ಬಿಯರ್ ಕ್ಲಬ್’ ಹುದುಗಿಸಲು ಆರಂಭಿಸಿತು, ಅದೂ ವಿಠಲ ಮಲ್ಯ ರಸ್ತೆಯಲ್ಲೇ. ಬೆನ್ನಿಗೇ ಟಾಯ್ಟ್, 2012ರಲ್ಲಿ ಆರ್ಬರ್ ಮತ್ತು ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್. ಸೋಸದೆ, ಬಿಸಿಯೇರಿಸದೆ ಕೊಡುವ ಈ ಬಿಯರಿನಲ್ಲಿ ಯೀಸ್ಟು ಇನ್ನೂ ಬದುಕಿರುತ್ತದೆ, ಬಹಳ ದಿನ ಇಡಲಾಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಇದು ಎಲ್ಲರಿಗೂ ಗೊತ್ತಾಯಿತು. ಹಂಡೆಗಟ್ಟಲೆ ಬಿಯರು ಚರಂಡಿ ಸೇರುವ ಸ್ಥಿತಿ ಬಂದು, ಪಾರ್ಸೆಲ್ ಕೊಡಲು ಸರ್ಕಾರ ತಾತ್ಕಾಲಿಕ ಅನುಮತಿ ಕೊಡಬೇಕಾಯಿತು. ಪಡಖಾನೆಯವನಿಗೆ ದಿನಾ ಇದ್ದ ಚಿಂತೆ ಅದು.

ಬ್ರೂವರಿಗಳು ಆಗಾಗ ರಾಗಿಯನ್ನೂ ಹಂಡೆಗೆ ಹಾಕಿ ನೋಡಿವೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುವಂತೆಯೇ ಹಾಸನದ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಮಕ್ಕಳಿಗೆ ಸರಿ ಮಾಡುತ್ತಾರೆ. ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಕಿರುಧಾನ್ಯಗಳ ಮೊಳಕೆಗಳಲ್ಲಿ ರಾಗಿಗೆ ಚೆನ್ನಾಗಿಯೇ ಇದೆ. ಸಿಕ್ಕಿಮಿನವರು ಬಹು ಕಾಲದಿಂದ ಅದರಿಂದಲೇ ತೊಂಗ್ಬಾ ಹುದುಗಿಸುತ್ತಾರೆ.

ಹಾಸನದಲ್ಲೂ ಈಗ ಒಂದು ಬ್ರೂವರಿ ಇದೆ: ಭೋಪಾಲದ ಸೋಮ್ ಕಂಪನಿಗೆ ಸೇರಿದ ವುಡ್‌ಪೆಕರ್. ಅದು ಬಾಟಲಿ, ಕ್ಯಾನುಗಳ ದೊಡ್ಡ ಕಾರ್ಖಾನೆ, ಹಲಗೆಯ ಮೇಲೆ ಲೋಟವಿಟ್ಟು ರುಚಿ ನೋಡುವ ಜಾಗವಲ್ಲ.

ಅರಸೀಕೆರೆಯ ತೆಂಗಿನ ತೋಟಗಳಿಗೆ ಬಂದರೆ ಕತೆಗೆ ಇನ್ನೊಂದು ತಿರುವು. ನುಸಿ ರೋಗದಿಂದ ತೆಂಗು ಸೊರಗಿದಾಗ, ಹುದುಗುವ ಮೊದಲಿನ ಸಿಹಿ ರಸವಾದ ನೀರಾ ಇಳಿಸಲು ಬಿಡಿ ಎಂದು ರೈತರು ಕೇಳಿದರು. 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಈ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿ ಜೀವಗಳು ಹೋದವು. ನೀರಾ ನೀತಿ ಸಡಿಲವಾಗಲು ಮತ್ತೆ ಒಂದೂವರೆ ದಶಕ ಹಿಡಿಯಿತು. ಇಂದು ನೀರಾ ಇಳಿಸುವವರು ಮರದ ಮೇಲೆಯೇ ಐಸು ತುಂಬಿದ ಪೆಟ್ಟಿಗೆ ಕಟ್ಟುತ್ತಾರೆ. ರಸ ಹುದುಗಿ ಹೆಂಡವಾದರೆ ಅಬಕಾರಿ ಕಾಯ್ದೆಯ ಕೈಗೆ ಸಿಕ್ಕಂತೆ. ಅದೇ ಕಾಯ್ದೆಯ ಪರವಾನಗಿ ಹಿಡಿದು ಇಂದಿರಾನಗರದ ಬ್ರೂವರ್ ತನ್ನ ಹಂಡೆ ಚೆನ್ನಾಗಿ ಹುದುಗಲೆಂದು ಎರಡು ವಾರ ಕಾಯುತ್ತಾನೆ.