ದಂಡನ ಧೂಳು, ಅರಜೆಯ ಕೊಳ

ವಿಂಧ್ಯಕ್ಕೂ ಶೈವಲಗಿರಿಗೂ ನಡುವಣ ಭೂಮಿ ಒಂದು ಕಾಲಕ್ಕೆ ರಾಜ್ಯವಾಗಿತ್ತು, ಅಲ್ಲಿ ಅರಣ್ಯವಿರಲಿಲ್ಲ. ದಂಡಕವೆಂದೊಡನೆ ಸೃಷ್ಟಿಯ ಮೊದಲ ದಿನದಿಂದ ಕಾಡಾಗಿಯೇ ನಿಂತ ಮಹಾವನವೊಂದು ನಮ್ಮ ಕಣ್ಣಮುಂದೆ ಬರುತ್ತದೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡ ಹೇಳುವ ಚರಿತ್ರೆ ಬೇರೆ. ಇಕ್ಷ್ವಾಕು ಮಹಾರಾಜನ ನೂರು ಮಕ್ಕಳಲ್ಲಿ ಕಡೆಯವನು ಮೂಢ, ಮಾತು ಕೇಳದವನು. ಇವನ ಮೈಮೇಲೆ ಒಂದಲ್ಲ ಒಂದು ದಿನ ದಂಡ ಬೀಳುವುದು ನಿಶ್ಚಯವೆಂದು ಕಂಡ ತಂದೆ ಅವನಿಗೆ ದಂಡನೆಂದೇ ಹೆಸರಿಟ್ಟು, ಕಣ್ಣಿಗೆ ದೂರವಿರಲೆಂದೋ ಏನೋ, ಈ ಸೀಮೆಯನ್ನು ಪಾಲಾಗಿ ಕೊಟ್ಟ. ಹೀಗೆ ಹೆಸರಿನಲ್ಲೇ ವಿಧಿಯನ್ನು ಹೊತ್ತುಬಂದ ಅರಸ ಮಧುಮಂತವೆಂಬ ನಗರವನ್ನು ಕಟ್ಟಿದ, ಶುಕ್ರಾಚಾರ್ಯನನ್ನು ಪುರೋಹಿತನಾಗಿ ವರಿಸಿದ, ಬಹುಕಾಲ ನಿಷ್ಕಂಟಕವಾಗಿ ಆಳಿದ. ಕಡೆಗೊಂದು ಚೈತ್ರಮಾಸದಲ್ಲಿ ಗುರುವಿನ ಆಶ್ರಮಕ್ಕೆ ಬಂದವನು ಗುರುಪುತ್ರಿ ಅರಜೆಯನ್ನು ವನದಲ್ಲಿ ಒಂಟಿಯಾಗಿ ಕಂಡ. ತಂದೆಯನ್ನು ಕೇಳು, ಆತ ಒಪ್ಪಿದರೆ ಧರ್ಮದಿಂದ ವರಿಸು ಎಂದಳು ಆಕೆ. ದಂಡ ಕೇಳಲಿಲ್ಲ, ಬಲಾತ್ಕರಿಸಿ ನಗರಕ್ಕೆ ಹಿಂದಿರುಗಿದ.

ಶಿಷ್ಯರೊಡನೆ ಹಸಿದು ಬಂದ ಶುಕ್ರ ಮಗಳ ಸ್ಥಿತಿಯನ್ನು ಕಂಡು ಕೊಟ್ಟ ಶಾಪ ರಾಜನೊಬ್ಬನಿಗೆ ನಿಲ್ಲಲಿಲ್ಲ. ಏಳು ರಾತ್ರಿಗಳೊಳಗೆ ನೂರು ಯೋಜನದ ರಾಜ್ಯ, ಸೇನೆ, ಸಮಸ್ತ ಜೀವಜಾತ ಧೂಳಿನ ಮಳೆಯಲ್ಲಿ ಅಳಿಯಲಿ ಎಂಬುದು ಆ ಶಾಪ. ಆಶ್ರಮವಾಸಿಗಳನ್ನೆಲ್ಲ ಗಡಿಯಾಚೆ ಹೊರಡಿಸಿದ. ಮಗಳಿಗೆ ಮಾತ್ರ ಅಲ್ಲಿಯೇ, ಯೋಜನದಗಲದ ಒಂದು ಕೊಳದ ದಡದಲ್ಲಿ, ಕಾಲವನ್ನು ಕಾಯುತ್ತ ಇರೆಂದ. ಆ ರಾತ್ರಿಗಳಲ್ಲಿ ಅವಳ ಬಳಿ ಸೇರಿದ ಪ್ರಾಣಿಗಳಿಗೆ ಧೂಳು ತಾಕುವುದಿಲ್ಲವೆಂಬ ಅಭಯವೂ ಇತ್ತು. ಅರಜೆ ಎಂದರೆ ಧೂಳಿಲ್ಲದವಳು. ಕೇಡಿನ ಕಥೆಯ ನಡುವೆ ಕವಿ ಇಷ್ಟು ಮೆಲ್ಲಗೆ ಇಟ್ಟುಹೋದ ಈ ಹೆಸರನ್ನು ನಮ್ಮ ಪುರಾಣ ಪ್ರವಚನಗಳು ಅಷ್ಟಾಗಿ ಎತ್ತಿಕೊಂಡಿಲ್ಲ. ಮಧುಮಂತ ಹೂತುಹೋಯಿತು. ಆ ನೆಲ ಮೃಗಪಕ್ಷಿಗಳೂ ಇಲ್ಲದ ಶೂನ್ಯವಾಗಿ ಎಷ್ಟೋ ಕಾಲ ಬಿದ್ದಿತ್ತು. ಅಲ್ಲಿ ಅಗಸ್ತ್ಯ ಕಂಡ ಒಂದು ನೋಟ ಭಯಂಕರವಾದುದು: ಸರೋವರದ ಬಳಿ ಕೆಡದೆ ಬಿದ್ದ ಒಂದು ಹೆಣ, ಸ್ವರ್ಗದಿಂದ ವಿಮಾನದಲ್ಲಿಳಿದು ಆ ಹೆಣವನ್ನೇ ತಿಂದು ಹೋಗುವ ಒಬ್ಬ ದಿವ್ಯಪುರುಷ. ಅವನು ವಿದರ್ಭದ ರಾಜ ಶ್ವೇತ. ತಪಸ್ಸು ಮಾಡಿ ಸ್ವರ್ಗ ಪಡೆದಿದ್ದ. ಬದುಕಿದ್ದಾಗ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲವಾಗಿ ಅಲ್ಲಿಯೂ ಹಸಿವು ಹಿಂಗಲಿಲ್ಲ, ತನ್ನ ಶರೀರವೇ ತನಗೆ ಆಹಾರವಾಯಿತು. ಅರಸೊತ್ತಿಗೆಯ ಕೊನೆಗೆ ಇದಕ್ಕಿಂತ ಘೋರವಾದ ಚಿತ್ರವನ್ನು ನಾನು ಬೇರೆಲ್ಲೂ ಓದಿಲ್ಲ.

ಧೂಳಿನ ಮೇಲೆ ಮರ ಹುಟ್ಟಿತು, ಮರದ ಕೆಳಗೆ ತಪಸ್ವಿಗಳು ಬಂದರು. ಅವರು ನೆಲೆಸಿದ ಭಾಗಕ್ಕೆ ಜನಸ್ಥಾನವೆಂದು ಹೆಸರಾಯಿತು. ಅರಣ್ಯಕಾಂಡದ ಆದಿಯಲ್ಲಿ ರಾಮ ಕಾಣುವುದು ಈ ಹೊಸ ನಾಡನ್ನು. ಅದಕ್ಕೆ ಅರಸನಿಲ್ಲ, ಕೋಟೆಯಿಲ್ಲ. ಆಶ್ರಮಗಳ ಮಂಡಲವೊಂದಿದೆ, ಅಂಗಳದಲ್ಲಿ ದರ್ಭೆ ಹರಡಿದೆ, ನಾರುಮಡಿ ಒಣಗುತ್ತಿದೆ. ಅಲ್ಲಿನ ಜನಪದವೋ ವಿಚಿತ್ರ. ಧಾನ್ಯವನ್ನು ಕಲ್ಲಿನಲ್ಲಿ ಕುಟ್ಟಿ ತಿನ್ನುವ ಅಶ್ಮಕುಟ್ಟರು, ಹಲ್ಲನ್ನೇ ಒರಳು ಮಾಡಿಕೊಂಡ ದಂತೋಲೂಖಲಿಗಳು, ಎಲೆಯನ್ನಷ್ಟೇ ತಿನ್ನುವವರು, ಸೂರ್ಯಚಂದ್ರರ ಕಿರಣವನ್ನು ಕುಡಿದು ಬದುಕುವ ಮರೀಚಿಪರು. ಒಂದು ಸರೋವರದ ನೀರಿನಡಿಯಿಂದ ಹಗಲಿರುಳು ಗೀತವಾದ್ಯ ಕೇಳಿಬರುತ್ತಿತ್ತು. ಮಾಂಡಕರ್ಣಿ ಮುನಿ ಐವರು ಅಪ್ಸರೆಯರೊಡನೆ ಜಲದೊಳಗೇ ಮನೆ ಮಾಡಿದ್ದನಂತೆ. ಇದೇ ವನದಲ್ಲಿ ಅಗಸ್ತ್ಯ ವಾತಾಪಿಯೆಂಬ ರಾಕ್ಷಸನನ್ನು ಜೀರ್ಣಿಸಿಕೊಂಡ. ಆ ಹೆಸರು ಚಾಲುಕ್ಯರ ರಾಜಧಾನಿಗೆ ಸಂದು, ಬಾದಾಮಿಯ ಕೆರೆಗೆ ಇಂದಿಗೂ ಅಗಸ್ತ್ಯತೀರ್ಥವೆನ್ನುತ್ತೇವೆ. ಋಷಿಗಳು ರಾಮನಿಗೆ ರಾಕ್ಷಸರು ಕೊಂದ ಮುನಿಗಳ ಎಲುಬುಗಳನ್ನು ತೋರಿಸಿ ರಕ್ಷಣೆ ಬೇಡಿದಾಗ ಅವನು ಮಾತು ಕೊಟ್ಟ. ಆಗ ತಡೆದವಳು ಸೀತೆ. ಮುನಿಯೊಬ್ಬನ ಬಳಿ ಇಂದ್ರ ಒಂದು ಖಡ್ಗವನ್ನು ಇಟ್ಟುಹೋದನೆಂದೂ, ಅದನ್ನು ಕಾಯಲು ಹೋದಲ್ಲಿ ಬಂದಲ್ಲಿ ಹೊತ್ತ ಆ ಸಾಧು ಮೆಲ್ಲಮೆಲ್ಲನೆ ಹಿಂಸಕನಾದನೆಂದೂ ಹೇಳಿ, ನಿಮಗೆ ವೈರವಿಲ್ಲದವರ ಮೇಲೆ ಬಿಲ್ಲೆತ್ತಬೇಡಿ ಎಂದಳು. ಕೊಟ್ಟ ಮಾತನ್ನು ಮೀರಲಾರೆನೆಂದ ರಾಮ ಆಶ್ರಮದಿಂದ ಆಶ್ರಮಕ್ಕೆ, ಇಲ್ಲಿ ನಾಲ್ಕು ತಿಂಗಳು ಅಲ್ಲಿ ಒಂದು ವರ್ಷವೆಂದು, ಹತ್ತು ವರ್ಷ ಕಳೆದ. ಆ ದಶಕವನ್ನು ಆದಿಕವಿ ಬೆರಳೆಣಿಕೆಯ ಶ್ಲೋಕಗಳಲ್ಲಿ ಮುಗಿಸಿಬಿಡುತ್ತಾನೆ. ಸುಖದ ಕಾಲಕ್ಕೆ ಚರಿತ್ರೆಯಲ್ಲಿ ಅಷ್ಟೇ ಸ್ಥಳ.

ಆದರೆ ಜನಸ್ಥಾನ ಆಗಲೇ ಲಂಕೆಯ ಗಡಿಠಾಣೆಯಾಗಿತ್ತು. ರಾವಣನ ಪರವಾಗಿ ಖರ ಅಲ್ಲಿ 14,000 ರಾಕ್ಷಸರೊಡನೆ ದಂಡು ಹೂಡಿದ್ದ. ಗೋದಾವರಿಯ ಬಳಿ ಪಂಚವಟಿಯಲ್ಲಿ ಲಕ್ಷ್ಮಣ ಮಣ್ಣಿನ ಗೋಡೆಯೆತ್ತಿ, ಬಿದಿರಿನ ಕಂಬ ನೆಟ್ಟು, ಬನ್ನಿಯ ಕೊಂಬೆ ಹಾಸಿ, ಹುಲ್ಲು ಹೊದಿಸಿ ಕಟ್ಟಿದ ಎಲೆಮನೆ ಒಂದು ಸಾಮ್ರಾಜ್ಯದ ಎಲ್ಲೆಯನ್ನು ತಾಕಿತು. ಶೂರ್ಪನಖಿಯ ಅಪಮಾನದ ನಂತರ ಮೊದಲು ಹದಿನಾಲ್ವರು ಬಂದು ಬಿದ್ದರು. ಹಿಂದೆಯೇ ಖರ ತನ್ನ ಸೇನೆಯೊಡನೆ ಬಂದ. ಒಂದೂವರೆ ಮುಹೂರ್ತದಲ್ಲಿ, ನಮ್ಮ ಲೆಕ್ಕದಲ್ಲಿ ಒಂದೂಕಾಲು ಗಂಟೆಯೂ ಹಿಡಿಯದ ಹೊತ್ತಿನಲ್ಲಿ, ಆ ಠಾಣೆ ನಿರ್ನಾಮವಾಯಿತು. ಗಡಿ ಕಳೆದುಕೊಂಡ ಚಕ್ರವರ್ತಿ ಇನ್ನೊಂದು ಸೇನೆಯನ್ನು ಕಳಿಸಬಹುದಾಗಿತ್ತು. ರಾವಣ ಸನ್ಯಾಸಿಯ ವೇಷ ತೊಟ್ಟು ಒಂಟಿ ಹೆಣ್ಣಿನ ಬಾಗಿಲಿಗೆ ಬಂದ. ಲಂಕೆಯ ಪತನ ಆ ಹೊಸ್ತಿಲಲ್ಲಿ ಬರೆಯಲ್ಪಟ್ಟಿತು. ದಂಡನ ಅಪರಾಧವನ್ನೇ ದಂಡನ ನೆಲದಲ್ಲಿ ಮತ್ತೊಬ್ಬ ಅರಸ ಎಸಗಿದಾಗ ಅಡ್ಡ ಬಂದದ್ದು ಅರವತ್ತು ಸಾವಿರ ವರ್ಷ ಪ್ರಾಯದ ಮುದಿ ಹದ್ದು ಜಟಾಯು. ಈ ಜಟಾಯು ಪೂರ್ವಜನ್ಮದಲ್ಲಿ ಯಾರೆಂಬುದಕ್ಕೆ ಜೈನ ರಾಮಕಥಾ ಪರಂಪರೆ ಒಂದು ಉತ್ತರ ಕೊಡುತ್ತದೆ. ವಿಮಲಸೂರಿಯ ಪ್ರಾಕೃತ ಕಾವ್ಯ ಪಉಮಚರಿಯದ ಪ್ರಕಾರ ಅವನು ದಂಡಕ ರಾಜನೇ. ಅಲ್ಲಿ ಆ ರಾಜನ ಪಾಪ ಬೇರೆಯದು, ಅದು ಮುನಿಗಳಿಗೆ ಮಾಡಿದ ಹಿಂಸೆ. ಆದರೂ ಎರಡು ಪರಂಪರೆಗಳನ್ನು ಒಟ್ಟಿಗಿಟ್ಟು ಓದಿದಾಗ, ನಾಡನ್ನು ಧೂಳು ಮಾಡಿದವನೇ ರೆಕ್ಕೆ ಕಡಿಸಿಕೊಂಡು ಆ ನೆಲಕ್ಕೆ ಬಿದ್ದನೆಂದು ತಿಳಿಯುವುದು ನನಗೆ ಸರಿಯೆನಿಸುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಪಂಪೆ, ಋಷ್ಯಮೂಕ, ಕಿಷ್ಕಿಂಧೆ. ಕನ್ನಡಿಗರು ಇವನ್ನು ತುಂಗಭದ್ರೆಯ ದಡದಲ್ಲಿ, ಆನೆಗುಂದಿ ಹಂಪೆಗಳ ಬಂಡೆಗಳ ನಡುವೆ ಗುರುತಿಸುತ್ತ ಬಂದಿದ್ದಾರೆ. ಗುಹೆಯೊಳಗೆ ನಗರ ಕಟ್ಟಿ ಮಧುವನಕ್ಕೆ ಕಾವಲಿಟ್ಟ ವಾನರರ ರಾಜ್ಯ ಅದು. ನಮ್ಮ ನಾಗಚಂದ್ರ ತನ್ನ ರಾಮಚಂದ್ರಚರಿತಪುರಾಣದಲ್ಲಿ ಅವರನ್ನು ಕಪಿಯ ಚಿಹ್ನೆಯ ಧ್ವಜ ಹಿಡಿದ ವಿದ್ಯಾಧರ ಕುಲವೆಂದು ಕಂಡ. ವಾಲಿ ದುಂದುಭಿಯ ಕಳೇಬರವನ್ನು ಬೀಸಿ ಎಸೆದಾಗ ಮತಂಗನ ಆಶ್ರಮಕ್ಕೆ ರಕ್ತ ಸಿಡಿಯಿತು, ಮುನಿ ಶಪಿಸಿದ, ಋಷ್ಯಮೂಕ ವಾಲಿಗೆ ನಿಷಿದ್ಧವಾಯಿತು. ಆ ಒಂದು ಬೆಟ್ಟವೇ ಸುಗ್ರೀವನನ್ನು ಉಳಿಸಿತು. ಇಲ್ಲಿಯೂ ಕೆಡುಕಿನ ಬೀಜ ಅದೇ: ತಮ್ಮನನ್ನು ಓಡಿಸಿದ ವಾಲಿ ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ, ಮರೆಯಿಂದ ಬಂದ ಬಾಣಕ್ಕೆ ರಾಮ ಕೊಟ್ಟ ಸಮರ್ಥನೆಯೂ ಅದೇ. ಗೆದ್ದ ಸುಗ್ರೀವ ವಾಲಿಯ ಹೆಂಡತಿ ತಾರೆಯನ್ನು ಪಡೆದಾಗ ಅವಳ ಮಗ ಅಂಗದ ಸಮುದ್ರತೀರದಲ್ಲಿ ಕಹಿಯಾಗಿ ಆಡಿದ ಮಾತುಗಳನ್ನು ಕವಿ ಮುಚ್ಚಿಡಲಿಲ್ಲ. ಇದೇ ಬಂಡೆಗಳ ಮೇಲೆ 1336ರಲ್ಲಿ ಎದ್ದ ವಿಜಯನಗರ ಹಜಾರರಾಮನ ಗುಡಿಯ ಗೋಡೆಗಳಲ್ಲಿ ಆ ಕಥೆಯನ್ನೆಲ್ಲ ಕಲ್ಲಿಗಿಳಿಸಿತು. 1565ರ ರಕ್ಕಸತಂಗಡಿಯ ಕದನದ ನಂತರ ಆ ರಾಜಧಾನಿಯೂ ಹಾಳು ಸುರಿಯಿತು. ಹಂಪೆಯ ಪೂರ್ವಕ್ಕೆ ನಿಂಬಾಪುರದ ಬಳಿ ಬೂದಿಯ ಒಂದು ದಿಬ್ಬವಿದೆ. ವಾಲಿಯನ್ನು ಸುಟ್ಟ ಬೂದಿ ಅದು ಎನ್ನುತ್ತಾರೆ ಊರಿನವರು. ಬಳ್ಳಾರಿ ಸೀಮೆಯ ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯಿಂದಾದವು ಎಂಬುದು ಪುರಾತತ್ತ್ವಜ್ಞರ ನಿರ್ಣಯ. ನನ್ನ ಮಟ್ಟಿಗೆ, ವಿಜಯನಗರಕ್ಕೂ ಬಹು ಹಿಂದಿನ ದನಗಾಹಿಗಳ ಒಲೆಯನ್ನು ಒಂದು ಊರು ರಾಜನ ಚಿತೆಯಾಗಿ ಕಾಪಾಡಿಕೊಂಡು ಬಂದದ್ದು ಸಣ್ಣ ಗೌರವವಲ್ಲ.

1958ರಲ್ಲಿ ಪೂರ್ವ ಪಾಕಿಸ್ತಾನದಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ನೆಲೆ ಕೊಡಲು ಭಾರತ ಸರಕಾರ ಬಸ್ತರ್ ಮತ್ತು ಕೋರಾಪುಟದ ಕಾಡುಸೀಮೆಯನ್ನು ಆರಿಸಿತು. ಅದಕ್ಕೆ ಇಟ್ಟ ಹೆಸರು ದಂಡಕಾರಣ್ಯ ಯೋಜನೆ. ನೂರು ಯೋಜನವನ್ನು ಕೆಡಿಸಿದ ಅರಸನ ಹೆಸರು ಹೀಗೆ ನಮ್ಮ ಕಾಲದ ಸರಕಾರಿ ಕಡತಗಳನ್ನೂ ಸೇರಿತು. ಕೊಳದ ದಡದಲ್ಲಿ ಕಾಯುತ್ತ ಕುಳಿತ ಅರಜೆಯ ಮಾತನ್ನು ಉತ್ತರಕಾಂಡ ಮತ್ತೆ ಎತ್ತುವುದಿಲ್ಲ.