ಸ್ಟಿಯರಿಂಗ್ ಕಾಲಂನ ಇಗ್ನಿಷನ್ ಆಕ್ಚುಯೇಟರ್: ಇತಿಹಾಸ ಮತ್ತು ದುರಸ್ತಿ

ಅಮೆರಿಕದಲ್ಲಿ 1970 ಮತ್ತು 80ರ ದಶಕಗಳಲ್ಲಿ ತಯಾರಾದ ಬಹಳಷ್ಟು ಪಿಕಪ್ ಟ್ರಕ್ಕುಗಳಲ್ಲಿ ಕೀ ಹಾಕುವ ಜಾಗ ಒಂದು ಕಡೆ, ವಿದ್ಯುತ್ ಹರಿಸುವ ಸ್ವಿಚ್ ಇನ್ನೊಂದು ಕಡೆ. ಕೀ ಇರುವುದು ಸ್ಟಿಯರಿಂಗ್ ಚಕ್ರದ ಪಕ್ಕದಲ್ಲಿ, ಸ್ವಿಚ್ ಇರುವುದು ಕಾಲಂನ ಕೆಳಭಾಗದಲ್ಲಿ, ಡ್ಯಾಶ್‌ಬೋರ್ಡಿನ ಮರೆಯಲ್ಲಿ. ಇವೆರಡರ ನಡುವೆ ಕೈಯ ತಿರುವನ್ನು ಮುಟ್ಟಿಸುವ ಹಲ್ಲಿನ ಪಟ್ಟಿ ಮತ್ತು ಸರಳಿನ ಜೋಡಣೆಗೆ ಇಗ್ನಿಷನ್ ಆಕ್ಚುಯೇಟರ್ ಎನ್ನುತ್ತಾರೆ. ಅದು ಮುರಿದರೆ ಕೀ ಯಾವ ಬಿಗಿಯೂ ಇಲ್ಲದೆ ತಿರುಗುತ್ತದೆ. ದೀಪ ಹತ್ತುವುದಿಲ್ಲ, ಸ್ಟಾರ್ಟರ್ ಸದ್ದು ಮಾಡುವುದಿಲ್ಲ. ಕೆಲವೊಮ್ಮೆ ಇದರ ಉಲ್ಟಾ ಆಗಿ, ಓಡುತ್ತಿರುವ ಎಂಜಿನ್ ಆಫ್ ಆಗದೆ ಉಳಿಯುತ್ತದೆ. ಕಂಪನಿ ಅಗ್ಗದ ಲೋಹ ಬಳಸಿದ್ದೇ ಇದಕ್ಕೆ ಕಾರಣ ಎಂಬುದು ಸಾಮಾನ್ಯ ದೂರು. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಕಳ್ಳತನ ತಡೆ, ಅಪಘಾತದ ಸುರಕ್ಷೆ, ಚಾಲಕನ ಅನುಕೂಲ ಎಂಬ ಮೂರು ಬೇಡಿಕೆಗಳನ್ನು ಒಂದೇ ಕೊಳವೆಯೊಳಗೆ ತುರುಕಿದ್ದರಿಂದ ಈ ಭಾಗ ಹುಟ್ಟಿತು. ಅದು ಮುರಿಯುವ ಜಾಗವನ್ನು ನಿರ್ಧರಿಸಿದ್ದೂ ಆ ಮೂರು ಬೇಡಿಕೆಗಳೇ.

ಮೊದಲು ಹೀಗಿರಲಿಲ್ಲ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂದ ಮೇಲೂ ಬಹುಕಾಲ ಕೀಯ ಕೆಲಸ ಇಗ್ನಿಷನ್‌ಗೆ ವಿದ್ಯುತ್ ಕೊಡುವುದಷ್ಟೇ ಆಗಿತ್ತು. ಎಂಜಿನ್ ಎಬ್ಬಿಸಲು ಬೇರೆ ಗುಂಡಿಯನ್ನೋ ಕಾಲಿನ ಪೆಡಲನ್ನೋ ಒತ್ತಬೇಕಿತ್ತು. 1949ರಲ್ಲಿ ಕ್ರೈಸ್ಲರ್ ಈ ಎರಡೂ ಕೆಲಸಗಳನ್ನು ಕೀಗೇ ವಹಿಸಿತು. ಆಗಲೂ ಸ್ವಿಚ್ ಡ್ಯಾಶ್‌ಬೋರ್ಡಿನಲ್ಲಿ, ಬೀಗದ ಬೆನ್ನಿಗೇ ಅಂಟಿಕೊಂಡಿತ್ತು. ನಡುವೆ ಸರಳಿಲ್ಲ, ಹಲ್ಲಿಲ್ಲ, ಹಾಗಾಗಿ ಮುರಿಯುವುದಕ್ಕೂ ಏನಿಲ್ಲ. ಕಳ್ಳನಿಗೂ ಅಷ್ಟೇ ಸಲೀಸು: ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ತಂತಿಗಳನ್ನು ಜೋಡಿಸಿದರೆ ಗಾಡಿ ಅವನದಾಯಿತು.

ಇದನ್ನು ತಡೆಯಲು ಅಮೆರಿಕ ಸರ್ಕಾರ ತಂದ 114ನೇ ಸುರಕ್ಷತಾ ಮಾನದಂಡ 1970ರ ಜನವರಿ 1ರಿಂದ ಕಾರುಗಳಿಗೆ ಅನ್ವಯವಾಯಿತು. ಅದರ ಒಕ್ಕಣೆ ಗಮನಿಸಬೇಕಾದದ್ದು. ಕೀ ತೆಗೆದಾಗ ಎಂಜಿನ್ ಚಾಲೂ ಆಗಬಾರದು. ಜೊತೆಗೆ ಸ್ಟಿಯರಿಂಗ್ ತಿರುಗಬಾರದು, ಇಲ್ಲವೇ ಗಾಡಿ ತನ್ನ ಬಲದಿಂದ ಮುಂದೆ ಸಾಗಬಾರದು. ಅಂದರೆ ಬೀಗವನ್ನು ಸ್ಟಿಯರಿಂಗ್ ಕಾಲಂನಲ್ಲೇ ಇಡಿ ಎಂದು ಕಾನೂನು ಹೇಳಲಿಲ್ಲ. ಸ್ವೀಡನ್ನಿನ ಸಾಬ್ ಕಂಪನಿ ತನ್ನ 99 ಮಾದರಿಯಲ್ಲಿ ಕೀಯನ್ನು ಮುಂದಿನ ಎರಡು ಸೀಟುಗಳ ನಡುವೆ ಇಟ್ಟು, ಗೇರನ್ನು ರಿವರ್ಸ್‌ನಲ್ಲಿ ಬಂಧಿಸುವ ದಾರಿ ಹಿಡಿಯಿತು. ಅಮೆರಿಕದ ಕಂಪನಿಗಳಿಗೆ ಕಾಲಂ ಹೆಚ್ಚು ಒಪ್ಪಿತು, ಏಕೆಂದರೆ ಅಲ್ಲಿನ ಗಾಡಿಗಳಲ್ಲಿ ಗೇರ್ ಲಿವರ್ ಕೂಡ ಸಾಮಾನ್ಯವಾಗಿ ಕಾಲಂ ಮೇಲೆಯೇ ಇತ್ತು. ಚಕ್ರವನ್ನೂ ಲಿವರನ್ನೂ ಒಂದೇ ಬೀಗದಿಂದ ಕಟ್ಟಬಹುದಿತ್ತು. ಜನರಲ್ ಮೋಟರ್ಸ್ ಗಡುವಿಗೂ ಮುಂಚೆ, 1969ರ ತನ್ನ ಹೆಚ್ಚಿನ ಕಾರುಗಳಲ್ಲಿ, ಇದನ್ನು ಅಳವಡಿಸಿತು. ಷೆವ್ರಲೆ ಪಿಕಪ್‌ಗಳಿಗೆ 1973ರಲ್ಲಿ, ಫೋರ್ಡ್ ಎಫ್ ಸರಣಿಗೆ 1980ರಲ್ಲಿ ಕೀ ಕಾಲಂಗೆ ಬಂತು. ಹಗುರ ಟ್ರಕ್ಕುಗಳನ್ನು ಆ ಮಾನದಂಡದೊಳಗೆ ತಂದದ್ದು 80ರ ದಶಕದ ಆರಂಭದಲ್ಲಿ. ಆದ್ದರಿಂದ ಟ್ರಕ್ಕಿನ ಮಟ್ಟಿಗೆ ಕಾನೂನನ್ನೇ ಪೂರ್ತಿ ದೂರುವಂತಿಲ್ಲ. ಕಾರಿಗೆಂದು ಮಾಡಿದ ಕಾಲಂ ಅಲ್ಲಿಗೂ ಹರಿದು ಬಂತು.

ಆ ಹೊತ್ತಿಗೆ ಕಾಲಂ ಹಳೆಯ ಗಟ್ಟಿ ಉಕ್ಕಿನ ಕಂಬವಾಗಿ ಉಳಿದಿರಲಿಲ್ಲ. ಡಿಕ್ಕಿಯಾದಾಗ ಚಾಲಕನ ಎದೆಗೆ ಈಟಿಯಂತೆ ನುಗ್ಗುತ್ತಿದ್ದ ಆ ಕಂಬದ ಬದಲು, ತಾನೇ ಕುಗ್ಗಿ ಹೊಡೆತವನ್ನು ಹೀರಿಕೊಳ್ಳುವ ಕಾಲಂ 1967ರ ಮಾದರಿಗಳಲ್ಲಿ ಬಂದಿತ್ತು. ಅದಕ್ಕೂ ಮೊದಲೇ, 1963ರಲ್ಲಿ, ಜನರಲ್ ಮೋಟರ್ಸ್‌ನ ಸ್ಯಾಗಿನಾ ವಿಭಾಗ ಚಕ್ರವನ್ನು ಮೇಲೆ ಕೆಳಗೆ ವಾಲಿಸುವ ಟಿಲ್ಟ್ ಕಾಲಂ ತಂದಿತ್ತು. ಈಗ ಆಕ್ಚುಯೇಟರಿನ ಪಾಡು ನೋಡಿ. ಕೀ ದುಂಡಗೆ ತಿರುಗುತ್ತದೆ. ಅದರ ತುದಿಯ ಪುಟ್ಟ ಗೇರು ಹಲ್ಲಿನ ಪಟ್ಟಿಯನ್ನು ಹಿಂದೆ ಮುಂದೆ ಜರುಗಿಸಬೇಕು. ಆ ಪಟ್ಟಿ ಉದ್ದನೆಯ ಸರಳನ್ನು ತಳ್ಳಬೇಕು. ಅದೇ ಚಲನೆಯಲ್ಲಿ ಸ್ಟಿಯರಿಂಗ್ ಲಾಕಿನ ಪಿನ್ ಹೊರಬರಬೇಕು. ಇಷ್ಟನ್ನೂ ಕಾಲಂ ಯಾವ ಕೋನದಲ್ಲಿ ವಾಲಿದ್ದರೂ ಮಾಡಬೇಕು. ಸರಳನ್ನು ದಪ್ಪಗೆ ಮಾಡೋಣವೆಂದರೆ, ಕಾಲಂ ಕುಗ್ಗುವಾಗ ಅದು ಅಡ್ಡ ಬರಬಾರದು. ಪಟ್ಟಿಯನ್ನು ದೊಡ್ಡದು ಮಾಡೋಣವೆಂದರೆ, ಇಂಡಿಕೇಟರ್ ಸ್ವಿಚ್, ಹಾರ್ನಿನ ತಂತಿ, ಗೇರ್ ಲಿವರ್ ಕೂರುವ ಬಟ್ಟಲಿನಂಥ ಕವಚ ಇವೆಲ್ಲ ಸೇರಿ ಜಾಗವನ್ನು ಮೊದಲೇ ನುಂಗಿವೆ. ಫೋರ್ಡಿನ ಟಿಲ್ಟ್ ಕಾಲಂನಲ್ಲಿ ಸಾಮಾನ್ಯವಾಗಿ ಮುರಿಯುವುದು ಎರಕದ ಮೇಲಿನ ತುಂಡು, ಅಂದರೆ ವಾಲುವ ಕೀಲಿನ ಆಸುಪಾಸಿನ ಭಾಗ.

ಹಾಗಾದರೆ ಲೋಹದ ದೂರಿಗೆ ಬೆಲೆಯೇ ಇಲ್ಲವೇ? ಇದೆ. ಅಚ್ಚಿನಲ್ಲಿ ಎರೆದ ಅಗ್ಗದ ಲೋಹ ಉಕ್ಕಿನಂತೆ ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಫಟ್ಟನೆ ಒಡೆಯುತ್ತದೆ. ಆದರೆ ಆ ತುಂಡು ಎಷ್ಟೋ ವರ್ಷ ಮುರಿಯದೆ ದುಡಿದದ್ದೂ ನಿಜವಷ್ಟೇ. ಈ ನಡುವೆ ಬದಲಾದದ್ದು ಅದರ ಮೇಲಿನ ಹೊರೆ. ಕೆಳಗಿನ ಸ್ವಿಚ್ಚಿನೊಳಗಿನ ಗ್ರೀಸು ಒಣಗಿ ಅಂಟಾಗುತ್ತದೆ, ಸರಳಿಗೆ ತುಕ್ಕು ಹಿಡಿಯುತ್ತದೆ, ಲಾಕ್ ಸಿಲಿಂಡರ್ ಸವೆದು ಓರೆಯಾಗುತ್ತದೆ. ಚಾಲಕ ಕೈಗೆ ಇನ್ನಷ್ಟು ಬಲ ಕೊಡುತ್ತಾನೆ; ಆ ಬಲವೆಲ್ಲ ಹೋಗಿ ನಿಲ್ಲುವುದು ನಾಲ್ಕಾರು ಹಲ್ಲುಗಳ ಮೇಲೆ. ಮುರಿದದ್ದನ್ನಷ್ಟೇ ಬದಲಿಸಿ ಬಿಗಿಯಾದ ಸ್ವಿಚ್ಚನ್ನು ಹಾಗೇ ಬಿಟ್ಟರೆ, ಹೊಸ ತುಂಡು ಎಷ್ಟೇ ಗಟ್ಟಿಯಿದ್ದರೂ ಅದೇ ಪೆಟ್ಟನ್ನು ತಿನ್ನುತ್ತದೆ.

ದುರಸ್ತಿಯ ಕ್ರಮವೂ ಇದನ್ನೇ ತೋರಿಸುತ್ತದೆ. ಬೆಲೆಯಲ್ಲಿ ಸಣ್ಣದಾದ ಈ ಭಾಗವನ್ನು ತಲುಪಲು ಇಡೀ ಕಾಲಂನ ತಲೆಯನ್ನೇ ಬಿಚ್ಚಬೇಕು. ಮೊದಲು ಬ್ಯಾಟರಿಯ ತಂತಿ ಕಳಚಬೇಕು. ಸ್ಟಿಯರಿಂಗ್ ಚಕ್ರವನ್ನು ಸುತ್ತಿಗೆಯಿಂದ ಬಡಿಯದೆ ಪುಲ್ಲರ್ ಹಾಕಿ ಎಳೆಯಬೇಕು. ಬಡಿದರೆ ಕುಗ್ಗುವಂತೆ ಮಾಡಿದ ಕಾಲಂ ಅಲ್ಲೇ ಕುಗ್ಗೀತು. ಫೋರ್ಡಿನಲ್ಲಿ ಕೀಯನ್ನು ‘ರನ್’ ಸ್ಥಾನಕ್ಕೆ ತಿರುಗಿಸಿ, ಬೀಗದ ಕೆಳಗಿನ ಸಣ್ಣ ತೂತಿನಲ್ಲಿ ತೆಳ್ಳನೆಯ ಕಡ್ಡಿ ಒತ್ತಿದರೆ ಸಿಲಿಂಡರ್ ಹೊರಬರುತ್ತದೆ. ಜನರಲ್ ಮೋಟರ್ಸ್ ಕಾಲಂನಲ್ಲಿ ಸ್ಪ್ರಿಂಗಿನ ಬಲದಲ್ಲಿ ನಿಂತಿರುವ ಲಾಕ್ ಪ್ಲೇಟನ್ನು ವಿಶೇಷ ಸಾಧನದಿಂದ ಅದುಮಿ ಹಿಡಿದು ಉಂಗುರ ಬಿಡಿಸಬೇಕು. ಅದರ ಕೆಳಗೆ ಇಂಡಿಕೇಟರ್ ಸ್ವಿಚ್, ಆಮೇಲೆ ಟಿಲ್ಟಿನ ಪಿನ್ನುಗಳು. ಹೊಸ ತುಂಡು ಕೂರಿಸುವಾಗ ಗೇರಿನ ಹಲ್ಲು ಒಂದೇ ಒಂದು ಆಚೀಚೆಯಾದರೂ ಕೀ ‘ಸ್ಟಾರ್ಟ್’ ತಲುಪುವುದಿಲ್ಲ, ಇಲ್ಲವೇ ‘ಲಾಕ್’ಗೆ ಮರಳುವುದಿಲ್ಲ. ಅರ್ಧ ದಿನ ಹಿಡಿಯುವ ಈ ಕೆಲಸವನ್ನು ತಪ್ಪಿಸಲು ಕೆಲವರು ಕೆಳಗಿನ ಸ್ವಿಚ್ಚನ್ನು ಸ್ಕ್ರೂಡ್ರೈವರಿನಿಂದ ಜರುಗಿಸಿ ಗಾಡಿ ಓಡಿಸುತ್ತಾರೆ, ಇಲ್ಲವೇ ಡ್ಯಾಶ್‌ಬೋರ್ಡಿಗೆ ಗುಂಡಿ ಹಾಕಿಸುತ್ತಾರೆ. ಬಳಕೆಯ ದೃಷ್ಟಿಯಿಂದ ಅದು ತಪ್ಪೆನ್ನುವುದು ಕಷ್ಟ. ಅಪಾಯ ಇರುವುದು ಬೀಗದಲ್ಲಿ: ಮುರಿದ ಚೂರು ಒಳಗೇ ಉಳಿದು, ಲಾಕಿನ ಪಿನ್ ಅರ್ಧಕ್ಕೆ ನಿಂತಿದ್ದರೆ, ಓಡುವ ಗಾಡಿಯ ಸ್ಟಿಯರಿಂಗ್ ಚಕ್ರ ಕಟ್ಟಿಕೊಳ್ಳಬಹುದು.

ಮಾಲೀಕನಿಗೇ ಇಷ್ಟು ಸುಲಭವಾದರೆ ಕಳ್ಳನಿಗೆ ಕಷ್ಟವೇ, ಈ ಬೀಗದಿಂದ ಏನು ಬಂತು ಎಂಬ ಆಕ್ಷೇಪ ಸಹಜ. ಕಾಲಂನ ಕವಚ ಸೀಳಿ ಸರಳನ್ನು ನೇರವಾಗಿ ಎಳೆಯುವ ವಿದ್ಯೆ ಅಮೆರಿಕದ ಕಳ್ಳರಿಗೆ ಬೇಗ ಕರಗತವಾಯಿತು ಎಂಬುದು ನಿಜ. ಆದರೂ ಯುರೋಪಿನ ದಾಖಲೆಗಳು ಬೇರೆ ಕಥೆ ಹೇಳುತ್ತವೆ. ಪಶ್ಚಿಮ ಜರ್ಮನಿ 1963ರಲ್ಲಿ ಹಳೆಯ, ಹೊಸ ಕಾರುಗಳೆಲ್ಲಕ್ಕೂ ಸ್ಟಿಯರಿಂಗ್ ಲಾಕ್ ಕಡ್ಡಾಯ ಮಾಡಿತು, ಕಳವು ಇಳಿಯಿತು. ಬ್ರಿಟನ್ 1971ರಲ್ಲಿ ಹೊಸ ಕಾರುಗಳಿಗೆ ಮಾತ್ರ ಕಡ್ಡಾಯ ಮಾಡಿತು. ಬ್ರಿಟಿಷ್ ಗೃಹ ಇಲಾಖೆಯ 1976ರ ಅಧ್ಯಯನದ ಪ್ರಕಾರ ಲಂಡನ್ನಿನಲ್ಲಿ ಕಳುವಾದ ವಾಹನಗಳ ಪೈಕಿ ಹೊಸವುಗಳ ಪಾಲು 1969ರಲ್ಲಿ ಶೇ. 20.9 ಇದ್ದದ್ದು 1973ಕ್ಕೆ ಶೇ. 5.1ಕ್ಕೆ ಇಳಿದಿತ್ತು. ಕಳ್ಳರು ಬೀಗವಿಲ್ಲದ ಹಳೆಯ ಕಾರುಗಳತ್ತ ತಿರುಗಿದ್ದರು. ನುರಿತ ಕಳ್ಳನನ್ನು ಬೀಗ ತಡೆಯಲಿಲ್ಲ; ಒಂದು ಸುತ್ತು ಹೊಡೆದು ಬಿಟ್ಟುಹೋಗುವ ಪಡ್ಡೆ ಹುಡುಗರನ್ನು ತಡೆಯಿತು. ಆಗಿನ ಕಳವುಗಳಲ್ಲಿ ಇಂಥವರ ಪಾಲೇ ದೊಡ್ಡದು.

ಯಾಂತ್ರಿಕ ಬೀಗದ ಭಾರ ಇಳಿಸಿದ್ದು ಎಲೆಕ್ಟ್ರಾನಿಕ್ಸ್. 1986ರ ಕಾರ್ವೆಟ್‌ನ ಕೀಯಲ್ಲಿ ಜನರಲ್ ಮೋಟರ್ಸ್ ರೆಸಿಸ್ಟರ್ ಬಿಲ್ಲೆ ಇಟ್ಟಿತು; 90ರ ದಶಕದ ನಡುವೆ ಫೋರ್ಡ್ ಚಿಪ್ ಇರುವ ಕೀ ತಂದಿತು. ಕೀಯನ್ನು ಎಂಜಿನ್ನಿನ ಕಂಪ್ಯೂಟರೇ ಗುರುತಿಸುವಾಗ ಸರಳನ್ನು ಎಳೆದು ಪ್ರಯೋಜನವಿಲ್ಲ. ಆದರೆ ಈ ಇಮ್ಮೊಬಿಲೈಸರ್ ಅಮೆರಿಕದಲ್ಲಿ ಕಡ್ಡಾಯವಾಗಲಿಲ್ಲ, ಕೆನಡಾದಲ್ಲಿ 2007ರಲ್ಲಿ ಆಯಿತು. ಅದಿಲ್ಲದೆ ಅಮೆರಿಕದಲ್ಲಿ ಮಾರಾಟವಾದ ಹ್ಯುಂಡೈ ಮತ್ತು ಕಿಯಾ ಕಾರುಗಳ ಕವಚ ಕಿತ್ತು, ಸಿಲಿಂಡರ್ ತೆಗೆದು, ಒಳಗಿನ ಮೊಳೆಯನ್ನು ಯುಎಸ್‌ಬಿ ಕೇಬಲಿನ ತುದಿಯಿಂದ ತಿರುಗಿಸುವ ಹಾವಳಿ 2022ರಲ್ಲಿ ದೇಶವ್ಯಾಪಿಯಾಯಿತು. ಮರುವರ್ಷ ಕಂಪನಿಗಳು ಸುಮಾರು 83 ಲಕ್ಷ ವಾಹನಗಳಿಗೆ ಉಚಿತ ಸಾಫ್ಟ್‌ವೇರ್ ಘೋಷಿಸಿದವು. ಅದರ ಜೊತೆಗೆ ಪೊಲೀಸರ ಮೂಲಕ ಮಾಲೀಕರಿಗೆ ಹಂಚಿದ್ದು ಸ್ಟಿಯರಿಂಗ್ ಚಕ್ರಕ್ಕೆ ಅಡ್ಡಲಾಗಿ ಬಿಗಿಯುವ ಕಬ್ಬಿಣದ ಬೀಗ.